ಕರ್ತೃಪದ ಎಲ್ಲಿದೆ?

ನಾನು ಕಲಿಸುವುದು ಭಾಷೆ. ಸಂಧಿ, ಸಮಾಸ, ವಿಭಕ್ತಿ ಪ್ರತ್ಯಯ, ಪತ್ರಲೇಖನ, ಪ್ರಬಂಧ ಇವೇ ನನ್ನ ಪ್ರಪಂಚ. ಹೀಗಿರುವಾಗ ಏಳನೆಯ ತರಗತಿಗೆ ಡಿಜಿಟಲ್ ಸಾಕ್ಷರತೆಯ ಕೆಲವು ಪಿರಿಯಡ್‌ಗಳನ್ನು ಭಾಷಾ ಶಿಕ್ಷಕರೂ ತೆಗೆದುಕೊಳ್ಳಬೇಕು ಎಂದು ಸ್ಟಾಫ್ ರೂಮಿನಲ್ಲಿ ತಿಳಿದಾಗ ನನ್ನ ಎದೆ ಡವಡವ ಎಂದಿತು. ಈ ಮಕ್ಕಳಿಗೆ ಗಣಕಯಂತ್ರದ ಬಗ್ಗೆ ನಾನು ಹೇಳಿಕೊಡುವುದಾದರೂ ಏನು?

ನಾನು ಬೀದರ್ ಜಿಲ್ಲೆಯ ಭಾಲ್ಕಿಯವಳು. ಮೊದಲ ಬಾರಿ ಗಣಕಯಂತ್ರವನ್ನು ಮುಟ್ಟಿದ್ದು ಬಿ.ಎಡ್. ಓದುವಾಗ. ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ದೇವರ ಮನೆಗೆ ಹೋದ ಹಾಗೆ ಒಳಗೆ ಹೋಗಬೇಕಿತ್ತು. ಒಂದು ಯಂತ್ರಕ್ಕೆ ನಾಲ್ಕು ಜನ. ಮೌಸ್ ನನ್ನ ಕೈಗೆ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಕೊನೆಗೊಂದು ದಿನ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ನನ್ನ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಿದೆ. ಪರದೆಯ ಮೇಲೆ ಆ ಅಕ್ಷರಗಳು ಮೂಡಿದಾಗ ಆದ ಸಂತೋಷ ಇಂದಿಗೂ ನೆನಪಿದೆ.

ಮುಂದೆ ಮದುವೆಯಾಗಿ ದೋಹಾಕ್ಕೆ ಬಂದು, ಇಲ್ಲಿ ಶಿಕ್ಷಕಿಯಾದೆ. 2020ರ ಮಾರ್ಚ್ 10ರಿಂದ ಕೊರೊನಾ ಕಾರಣಕ್ಕೆ ಕತಾರ್‌ನ ಶಾಲೆಗಳು ಮುಚ್ಚಿದಾಗ, ಅಲ್ ಮುಂತಜಾದ ನಮ್ಮ ಚಿಕ್ಕ ಫ್ಲಾಟಿನ ಊಟದ ಮೇಜೇ ನನ್ನ ತರಗತಿಯಾಯಿತು. ಅರಬಿ ಭಾಷೆಯಲ್ಲಿ ಮುಂತಜಾ ಎಂದರೆ ವಿಹಾರದ ಉದ್ಯಾನ. ಆ ದಿನಗಳಲ್ಲಿ ಉದ್ಯಾನಗಳಿಗೂ ಬೀಗ ಬಿದ್ದಿತ್ತು. ಆಗ ಆನ್‌ಲೈನ್ ಪಾಠ ಮಾಡುವುದನ್ನು ನನಗೆ ಕಲಿಸಿದವರು ನನ್ನ ವಿದ್ಯಾರ್ಥಿಗಳೇ. "ಮಿಸ್, ನಿಮ್ಮ ಮೈಕ್ ಆಫ್ ಇದೆ." "ಮಿಸ್, ಆ ಹಸಿರು ಬಟನ್ ಒತ್ತಿ." ಹತ್ತು ವರ್ಷದ ಮಕ್ಕಳು ಅಷ್ಟು ತಾಳ್ಮೆಯಿಂದ ಹೇಳಿಕೊಟ್ಟರು. ಅಂಥವರ ಮುಂದೆ ನಾನು ಡಿಜಿಟಲ್ ಪಾಠ ಮಾಡುವುದೆಂದರೆ ಮೀನಿಗೆ ಈಜು ಕಲಿಸಿದಂತೆಯೇ ಸರಿ ಎಂದುಕೊಂಡೆ.

ಮೊದಲ ಪಿರಿಯಡ್‌ನಲ್ಲಿ ಒಂದು ಸುಲಭದ ಕೆಲಸ ಕೊಟ್ಟೆ. 'ನಮ್ಮ ರಾಷ್ಟ್ರಗೀತೆ' ಎಂಬ ವಿಷಯದ ಮೇಲೆ ಐದು ಸ್ಲೈಡ್‌ಗಳನ್ನು ಕನ್ನಡದಲ್ಲಿ ತಯಾರಿಸಿ ಎಂದೆ. ಇಪ್ಪತ್ತೇ ನಿಮಿಷ! ಬಣ್ಣ ಬಣ್ಣದ ಸ್ಲೈಡ್‌ಗಳು, ಹಾರಾಡುವ ತ್ರಿವರ್ಣ ಧ್ವಜ, ಹಿನ್ನೆಲೆಯಲ್ಲಿ ಸಂಗೀತ. ನಾನು ಬೆರಗಾಗಿ ನೋಡುತ್ತಿದ್ದೆ. ಆದರೆ ಒಂದಾದ ಮೇಲೊಂದು ಸ್ಲೈಡ್ ಓದುತ್ತಾ ಹೋದಾಗ ಮೂರು ಮಕ್ಕಳ ಕೆಲಸದಲ್ಲಿ ಒಂದೇ ವಾಕ್ಯ ಕಣ್ಣಿಗೆ ಬಿತ್ತು: 'ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಅತ್ಯುತ್ತಮ ರಾಷ್ಟ್ರಗೀತೆ ಎಂದು ಘೋಷಿಸಲಾಗಿದೆ.'

ಭಾಷಾ ಶಿಕ್ಷಕಿಯ ಅಭ್ಯಾಸ ನೋಡಿ, ಬಾಯಿಂದ ತಾನಾಗಿ ಮಾತು ಬಂತು. "ಈ ವಾಕ್ಯದಲ್ಲಿ ಕರ್ತೃಪದ ಎಲ್ಲಿದೆ?"

ಮಕ್ಕಳು ಮುಖ ಮುಖ ನೋಡಿಕೊಂಡರು. ಅದಕ್ಕೆ ಹಿಂದಿನ ವಾರವಷ್ಟೇ ಕರ್ತರಿ, ಕರ್ಮಣಿ ಪ್ರಯೋಗಗಳ ಪಾಠ ಆಗಿತ್ತು. 'ರವಿಯು ಗಾಜನ್ನು ಒಡೆದನು' ಎಂದರೆ ಯಾರು ಒಡೆದರು ಎಂದು ಗೊತ್ತಾಗುತ್ತದೆ. 'ಗಾಜು ಒಡೆಯಲ್ಪಟ್ಟಿತು' ಎಂದು ಬರೆದುಬಿಟ್ಟರೆ ರವಿ ಮೆಲ್ಲನೆ ಜಾರಿಕೊಳ್ಳುತ್ತಾನೆ! ಆ ದಿನ ಮಕ್ಕಳು ನಕ್ಕಿದ್ದರು. ಈಗ ಒಬ್ಬಳು ಹುಡುಗಿ ಎದ್ದು, "ಯುನೆಸ್ಕೋ ಘೋಷಿಸಿತು ಮಿಸ್, ಎಲ್ಲರೂ ಹಾಗೇ ಹೇಳುತ್ತಾರೆ" ಎಂದಳು. "ಯಾವಾಗ ಘೋಷಿಸಿತು? ಎಲ್ಲಿ?" ಎಂದೆ. ಎಲ್ಲರೂ ಹುಡುಕತೊಡಗಿದರು. ಯುನೆಸ್ಕೋದ ಜಾಲತಾಣದಲ್ಲಿ ಅಂಥ ಘೋಷಣೆ ಸಿಗಲಿಲ್ಲ. ಯುನೆಸ್ಕೋ ಹಾಗೆ ಹೇಳಿಯೇ ಇಲ್ಲ, ಇದು ವರ್ಷಗಳಿಂದ ಸುತ್ತುತ್ತಿರುವ ಸುಳ್ಳು ಎಂದು ಪತ್ರಿಕೆಗಳು ಬರೆದದ್ದು ಸಿಕ್ಕಿತು. 1911ರ ಡಿಸೆಂಬರ್ 27ರಂದು ಕಲ್ಕತ್ತಾದ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲು ಹಾಡಿದ್ದು, 1950ರ ಜನವರಿ 24ರಂದು ರಾಷ್ಟ್ರಗೀತೆಯಾಗಿ ಅಂಗೀಕಾರವಾದದ್ದು ಸಿಕ್ಕಿತು. ಹೆಮ್ಮೆಪಡಲು ಇಷ್ಟು ನಿಜ ಸಾಲದೇ? ಸುಳ್ಳಿನ ಪದಕ ಏಕೆ ಬೇಕು?

ಮಕ್ಕಳಿಗೆ ಅಂದು ಹೇಳದ ಒಂದು ಮಾತು ಇತ್ತು. ಅದೇ ಸುದ್ದಿಯನ್ನು ಒಂದು ಸ್ವಾತಂತ್ರ್ಯ ದಿನದಂದು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ನಾನೇ ಕಳಿಸಿದ್ದೆ. 'ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ' ಎಂಬ ಗಾದೆಯನ್ನು ವರ್ಷ ವರ್ಷ ಮಕ್ಕಳಿಂದ ವಿಸ್ತರಿಸಿ ಬರೆಸುವವಳು ನಾನು. ಫೋನ್ ಕೈಯಲ್ಲಿದ್ದಾಗ ಮಾತ್ರ ಆ ಗಾದೆ ನನಗೆ ನೆನಪಾಗಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ರಾಷ್ಟ್ರಗೀತೆಯ ಸುಳ್ಳಿನಿಂದ ಯಾರಿಗೂ ನೋವಾಗಿಲ್ಲ ನಿಜ. ಆದರೆ ನಾನು ಕಳಿಸಿದ್ದು ಅದೊಂದೇ ಅಲ್ಲ.

2018ರ ಬೇಸಿಗೆ. ಆಗ ನನ್ನ ಮಗನಿಗೆ ನಾಲ್ಕು ವರ್ಷ. ಬೈಕಿನಲ್ಲಿ ಬಂದ ಇಬ್ಬರು, ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ಒಂದು ವಿಡಿಯೊ ಬಂತು. 'ಮಕ್ಕಳ ಕಳ್ಳರು ಬಂದಿದ್ದಾರೆ, ಎಚ್ಚರ' ಎಂದು ಕೆಳಗೆ ಬರೆದಿತ್ತು. ತಾಯಿಯ ಕರುಳು ಚುರ್ ಎಂದಿತು. ಯೋಚಿಸದೆ ಊರಿನ ಎರಡು ಗುಂಪುಗಳಿಗೆ ಕಳಿಸಿಬಿಟ್ಟೆ. ನಾಲ್ಕು ಜನಕ್ಕೆ ಒಳ್ಳೆಯದಾಗಲಿ ಎಂದೇ ಕಳಿಸಿದ್ದು.

ಜೂನ್ ಕೊನೆಗೆ ರಜೆ ಸಿಕ್ಕಿ ಊರಿಗೆ ಹೋದೆವು. ಗಲ್ಫ್‌ನಿಂದ ಹೋಗುವವರ ಸೂಟ್‌ಕೇಸಿನಲ್ಲಿ ಚಾಕೊಲೇಟು ಇಲ್ಲದಿದ್ದರೆ ಆದೀತೇ? ಓಣಿಯ ಮಕ್ಕಳಿಗೆ ಹಂಚಲು ಹೊರಟಾಗ ಅವ್ವ ಕೈ ಹಿಡಿದು ನಿಲ್ಲಿಸಿದಳು. "ಹೊರಗಿನ ಹುಡುಗರ ಕೈಯಾಗ ಕೊಡಬ್ಯಾಡವ್ವ, ಕಾಲ ಚೊಲೊ ಇಲ್ಲ" ಎಂದಳು. ನನಗೆ ನಗು ಬಂತು.

ಕೆಲವೇ ದಿನಗಳಲ್ಲಿ ಆ ನಗು ಬತ್ತಿಹೋಯಿತು. ಜುಲೈ 13, ಶುಕ್ರವಾರ. ಹೈದರಾಬಾದಿನಿಂದ ಕೆಲವರು ಕಾರಿನಲ್ಲಿ ನಮ್ಮ ಜಿಲ್ಲೆಯ ಔರಾದ್ ತಾಲ್ಲೂಕಿನ ಕಡೆ ಬಂದಿದ್ದರು. ಅವರಲ್ಲಿ ಒಬ್ಬರು ಕತಾರ್ ದೇಶದವರು. ದಾರಿಯಲ್ಲಿ ಕಂಡ ಶಾಲಾ ಮಕ್ಕಳಿಗೆ ಅವರು ಪ್ರೀತಿಯಿಂದ ಚಾಕೊಲೇಟು ಕೊಟ್ಟರು. ಅಷ್ಟೇ. ಮಕ್ಕಳ ಕಳ್ಳರು ಎಂದು ಯಾರೋ ಕೂಗಿದರು, ಜನ ಸೇರಿದರು. ಇವರು ಹೆದರಿ ಕಾರು ಹತ್ತಿ ಹೊರಟರು. ಆದರೆ ಕಾರಿಗಿಂತ ಮೊದಲೇ ವಾಟ್ಸಾಪ್ ಮುಂದಿನ ಊರು ಮುರ್ಕಿಯನ್ನು ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಕಟ್ಟಿದ್ದರು. ಗುಂಪಿನ ಹೊಡೆತಕ್ಕೆ ಸಿಕ್ಕಿ 32 ವರ್ಷದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಬಿಟ್ಟರು. ಪೆಟ್ಟು ತಿಂದ ಉಳಿದವರನ್ನು ಪೊಲೀಸರು ಹೇಗೋ ಉಳಿಸಿದರು. ಆಮೇಲೆ ಬಂಧಿತರಾದವರಲ್ಲಿ ಒಂದು ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಇದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೂ ಇದೇ ಗುಲ್ಲಿಗೆ ರಾಜಸ್ಥಾನದ ಒಬ್ಬ ಯುವಕ ಬಲಿಯಾಗಿದ್ದ.

ನಾನು ಕಳಿಸಿದ್ದ ಆ ವಿಡಿಯೊ ಏನೆಂದು ಆಮೇಲೆ ತಿಳಿಯಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ತಿಳಿವಳಿಕೆ ಮೂಡಿಸಲು ಮಾಡಿದ ಚಿತ್ರ. ಪೂರ್ತಿ ಚಿತ್ರದಲ್ಲಿ ಬೈಕಿನವರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಕೊನೆಯ ಸಾಲು ಕಿತ್ತರೆ ಕಥೆಯ ಅರ್ಥವೇ ತಿರುಗುತ್ತದೆ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ ನಾನು!

ನಾನು ಕಳಿಸಿದ ವಿಡಿಯೊ ಮುರ್ಕಿಯವರೆಗೆ ಹೋಯಿತೋ ಇಲ್ಲವೋ, ತಿಳಿಯುವ ದಾರಿಯಿಲ್ಲ. ಆ ಭಯವನ್ನು ಬಿತ್ತಿದ ಸಾವಿರಾರು ಕೈಗಳಲ್ಲಿ ನನ್ನದೂ ಒಂದು ಎಂಬುದಂತೂ ಸತ್ಯ.

ಮುಂದಿನ ಪಿರಿಯಡ್‌ನಲ್ಲಿ ಇದನ್ನು ಮಕ್ಕಳಿಗೆ ಹೇಳಬೇಕೋ ಬೇಡವೋ ಎಂದು ಬಹಳ ತೊಳಲಾಡಿದೆ. ಕೊನೆಗೆ ಹೇಳಿದೆ. ಯಾವ ಚಿತ್ರವನ್ನೂ ತೋರಿಸಲಿಲ್ಲ. ಚಾಕೊಲೇಟಿನ ಕಥೆಯನ್ನಷ್ಟೇ ಹೇಳಿ, ನನ್ನ ತಪ್ಪನ್ನೂ ಒಪ್ಪಿಕೊಂಡೆ. ಸದಾ ಗಲಾಟೆ ಮಾಡುವ ತರಗತಿ ಮೌನವಾಯಿತು. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಮೆಲ್ಲನೆ ಹೇಳಿದ: "ಮಿಸ್, ನಾವೂ ಊರಿಗೆ ಹೋದಾಗ ಎಲ್ಲರಿಗೂ ಚಾಕೊಲೇಟ್ ಕೊಡುತ್ತೇವೆ."

ಅಂದಿನಿಂದ ನನ್ನ ಡಿಜಿಟಲ್ ಪಾಠ ವ್ಯಾಕರಣದ ಪಾಠವೇ ಆಯಿತು. ಕನ್ನಡದ ಪ್ರಶ್ನಾರ್ಥಕ ಪದಗಳನ್ನು ಬೋರ್ಡಿನ ಮೇಲೆ ಬರೆದೆವು. ಯಾರು ಹೇಳಿದರು? ಯಾವಾಗ? ಎಲ್ಲಿ? ಅವರಿಗೆ ಹೇಗೆ ಗೊತ್ತು? ನನಗೆ ಏಕೆ ಕಳಿಸಿದರು? 'ತಿಳಿದುಬಂದಿದೆ', 'ಹೇಳಲಾಗುತ್ತಿದೆ', 'ಘೋಷಿಸಲಾಗಿದೆ' ಎಂಬ ಕ್ರಿಯಾಪದ ಕಂಡ ಕೂಡಲೇ ಕರ್ತೃಪದ ಹುಡುಕಬೇಕು. ಸಿಗದಿದ್ದರೆ ಆ ಸಂದೇಶ ನಮ್ಮ ಫೋನಿನಲ್ಲೇ ನಿಲ್ಲಬೇಕು.

ಉಪಕರಣಗಳನ್ನು ಬಳಸುವುದನ್ನು ಮಕ್ಕಳು ನನಗಿಂತ ಬೇಗ ಕಲಿತರು. ಒಂದು ಫೋಟೊವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟು ಅದು ಮೊದಲು ಎಲ್ಲಿ ಕಾಣಿಸಿತು ಎಂದು ಹುಡುಕುತ್ತಾರೆ. ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು ಎಂದು ಅವರಿಗೆ ಗೊತ್ತು. 2018ರ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆ ಮಾತ್ರ ಕಳಿಸಬಹುದೆಂಬ ಮಿತಿ ತಂದಿತು. 2020ರ ಏಪ್ರಿಲ್‌ನಲ್ಲಿ, ಹೀಗೆ ಹಲವು ಕೈ ದಾಟಿದ ಸಂದೇಶಕ್ಕೆ ಒಮ್ಮೆಗೆ ಒಂದೇ ಕಡೆ ಎಂಬ ಮಿತಿ ಬಂತು. ಕತಾರ್‌ನಲ್ಲೂ ಸುಳ್ಳು ಸುದ್ದಿ ಹರಡುವುದು 2014ರ ಸೈಬರ್ ಅಪರಾಧ ಕಾನೂನಿನ ಪ್ರಕಾರ ಅಪರಾಧ. ಆದರೆ ಕಂಪನಿಯ ಮಿತಿ, ಸರ್ಕಾರದ ಕಾನೂನು ಎರಡೂ ಬೆರಳನ್ನು ಹಿಡಿದು ನಿಲ್ಲಿಸಲಾರವು. ಅದನ್ನು ನಾವೇ ನಿಲ್ಲಿಸಬೇಕು.

ರಾಷ್ಟ್ರೀಯ ಶಿಕ್ಷಣ ನೀತಿ 2020 ಮಾಧ್ಯಮಿಕ ಹಂತದಲ್ಲೇ, ಅಂದರೆ ಆರರಿಂದ ಎಂಟನೆಯ ತರಗತಿಯಲ್ಲೇ, ಕೋಡಿಂಗ್ ಆರಂಭವಾಗಲಿ ಎನ್ನುತ್ತದೆ. ಆಗಲಿ, ಮಕ್ಕಳು ಖಂಡಿತ ಕಲಿಯಲಿ. ಇಂದು ಕೃತಕ ಬುದ್ಧಿಮತ್ತೆ ಇಲ್ಲದ ಮುಖವನ್ನೂ ಆಡದ ಮಾತನ್ನೂ ಸೃಷ್ಟಿಸಿ ಕೊಡುತ್ತದೆ. 2018ರಲ್ಲಿ ಜನರನ್ನು ನಂಬಿಸಲು ಒಂದು ಕತ್ತರಿ ಸಾಕಾಗಿತ್ತು. ಹೀಗಾಗಿ ಯಂತ್ರ ನಡೆಸುವ ಕೈಗಿಂತ ಮೊದಲು ಪ್ರಶ್ನೆ ಕೇಳುವ ಮನಸ್ಸು ಬೇಕು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಹಿರಿಯರು ಗಣಕಯಂತ್ರ ಬರುವ ಎಷ್ಟೋ ಮೊದಲೇ ಹೇಳಿಲ್ಲವೇ?

ಪ್ರಿಯ ಪೋಷಕರೇ, ಈ ಪಾಠ ಶಾಲೆಯಲ್ಲಿ ಮಾತ್ರ ನಡೆದರೆ ಸಾಲದು. ಮಕ್ಕಳು ಫೋನ್ ಬಳಸುವುದನ್ನು ಕಲಿಯುವುದು ನಮ್ಮನ್ನು ನೋಡಿಯೇ. ಕೆಲವು ದಿನಗಳ ಹಿಂದೆ ತಾಯಿಯೊಬ್ಬರು ಗೇಟಿನ ಬಳಿ ಸಿಕ್ಕರು. "ಏನು ಹೇಳಿಕೊಟ್ಟಿದ್ದೀರಿ ಮೇಡಂ? ಇವರ ಅಪ್ಪ ಊರಿನ ಗುಂಪಿಗೆ ಏನೋ ಫಾರ್ವರ್ಡ್ ಮಾಡಲು ಹೊರಟರೆ, ನಮ್ಮ ಹುಡುಗ ಕೈ ಅಡ್ಡ ಇಟ್ಟು 'ಕರ್ತೃಪದ ಎಲ್ಲಿದೆ ಅಪ್ಪಾ?' ಅಂತಾನೆ" ಎಂದು ನಕ್ಕರು. ಅಪ್ಪ ಏನು ಮಾಡಿದರು ಎಂದು ಕೇಳಿದೆ.

"ಹುಡುಕಿದರು ಮೇಡಂ, ಸಿಗಲಿಲ್ಲ. ಡಿಲೀಟ್ ಮಾಡಿದರು."

ಈ ರಜೆಯಲ್ಲಿ ನಾನೂ ಭಾಲ್ಕಿಗೆ ಹೋಗುತ್ತೇನೆ, ಚಾಕೊಲೇಟು ಒಯ್ಯುತ್ತೇನೆ. ಓಣಿಯ ಮಕ್ಕಳ ಕೈಗೆ ಅದನ್ನು ಕೊಡುವಾಗ ಅವ್ವ ನನ್ನ ಕೈ ಹಿಡಿಯದಂಥ ಕಾಲ ಬರಲಿ. ಅದನ್ನು ತರುವವರು ಯಾರು ಎಂದು ಕೇಳಿದರೆ, ಮಕ್ಕಳೇ, ಆ ವಾಕ್ಯದ ಕರ್ತೃಪದ ನೀವೇ.