ಕಂಠೀರವದ ಕೋಚು, ಆಲೂರಿನ ಪಂಚಾಯ್ತಿ

2016ರ ಮುಂಗಾರು ಆಲೂರಿಗೆ ಇಳಿಯುವ ಹೊತ್ತಿಗೆ ಆಶ್ಲೇ ವೆಸ್ಟ್‌ವುಡ್ ಬೆಂಗಳೂರು ಎಫ್‌ಸಿ ಬಿಟ್ಟಾಗಿತ್ತು. 2013ರಲ್ಲಿ ಹುಟ್ಟಿದ ಕ್ಲಬ್ಬಿಗೆ ಮೂರೇ ಸೀಸನ್‌ನಲ್ಲಿ ಎರಡು ಐ-ಲೀಗ್, ಒಂದು ಫೆಡರೇಷನ್ ಕಪ್ ಗೆಲ್ಲಿಸಿಕೊಟ್ಟಿದ್ದ ಇಂಗ್ಲಿಷ್ ಕೋಚು. ಅವನ ಜಾಗಕ್ಕೆ ಯಾರು? ಆ ಮಳೆಗಾಲವೆಲ್ಲ ನಮ್ಮ ಬಚ್ಚಲೊಲೆ ಮುಂದೆ ಇದೇ ಪಂಚಾಯ್ತಿ. ಕರೆಂಟು ಇಲ್ಲ, ಕೆಂಡದಲ್ಲಿ ಹಲಸಿನ ಬೀಜ, ಮೂಲೆಯಲ್ಲಿ ಒಣಗದ ಕಂಬಳಿ. ಮಾತಿಗೆ ಇನ್ನೇನು ಬೇಕು!

ಭಾವ ಸಂಜೊಯ್ ಸೇನ್ ಕಡೆಯವರು. ಕಾರಣವಿತ್ತು. ಹಿಂದಿನ ವರ್ಷ ಮೇ 31ರಂದು ಕಂಠೀರವದಲ್ಲೇ, 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಗೋಲಿಗೆ ಪಂದ್ಯ 1-1 ಆಗಿ, ಐ-ಲೀಗ್ ಮೋಹನ್ ಬಗಾನ್ ಪಾಲಾಗಿತ್ತು. ಬಗಾನ್ ಕೋಚು ಸೇನ್. "ನಮ್ಮನ್ನ ನಮ್ಮ ಮೈದಾನದಲ್ಲೇ ತಡೆದೋನು ಮಾರಾಯ. ಅವನನ್ನೇ ಕರ್ಕೊಂಡು ಬಂದ್ರೆ ಆಗಲ್ವಾ?"

ಚಿಕ್ಕಪ್ಪ ಒಪ್ಪಲಿಲ್ಲ. ಅವರಿಗೆ ವೆಸ್ಟ್‌ವುಡ್‌ನಂಥ ಇನ್ನೊಬ್ಬ ಇಂಗ್ಲಿಷಿನವನೇ ಬೇಕು, ಶಿಸ್ತಿಗೆ.

ಜುಲೈಯಲ್ಲಿ ಹೆಸರು ಬಂತು: ಸ್ಪೇನಿನ ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಕೈಕೆಳಗೆ ಸಹಾಯಕ ಕೋಚ್ ಆಗಿದ್ದವನು, ಆಮೇಲೆ ಎಲ್ ಸಾಲ್ವಡಾರ್ ರಾಷ್ಟ್ರೀಯ ತಂಡ ನೋಡಿಕೊಂಡವನು. ರೊನಾಲ್ಡಿನ್ಯೊ ಆಡಿದ ಬಾರ್ಸಿಲೋನಾ ಎಂದದ್ದೇ ಹುಡುಗರೆಲ್ಲ ಕುಣಿದರು. ಚಿಕ್ಕಪ್ಪ ಮಾತ್ರ ಬೀಜ ಸುಲಿಯುತ್ತ, "ತೋಟಕ್ಕೆ ರೈಟರ್ ಇಟ್ಕೊಳ್ವಾಗ ನಾನೇನು ಕೇಳ್ತೀನಿ ಗೊತ್ತೇನೋ? ಹಿಂದಿನ ತೋಟದ ಫಸಲು ನಿನ್ನಿಂದ ಬಂತೋ, ಸಾಹುಕಾರನಿಂದ ಬಂತೋ ಅಂತ. ಇವನನ್ನ ಯಾರಾದ್ರೂ ಕೇಳಿದ್ರಾ?" ಎಂದರು.

ಕೋಚ್ ಆರಿಸುವ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಇವತ್ತಿಗೂ ಕೇಳಿಲ್ಲ.

ಉತ್ತರ ಬಂದದ್ದು ಅಕ್ಟೋಬರ್ 19ಕ್ಕೆ. ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹೊರ್. ಮೊದಲ ಗೋಲು ಅವರದೇ. ಆಮೇಲೆ ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು, 3-1. ಆ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬು ನಮ್ಮದು. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ಬಿಗೆ 1-0ಯಿಂದ ಸೋತರೂ ಚಿಕ್ಕಪ್ಪ ರೋಕಾನ ಪರವಾಗಿಬಿಟ್ಟಿದ್ದರು.

ರೋಕಾನ ಜೊತೆ ಅವನ ಸಹಾಯಕನಾಗಿ ಕಾರ್ಲೆಸ್ ಕ್ವಾಡ್ರಾಟ್ ಎಂಬವನೂ ಬಂದಿದ್ದ. ನಮ್ಮ ಪಂಚಾಯ್ತಿಯಲ್ಲಿ ಅವನ ಹೆಸರನ್ನು ಒಬ್ಬರೂ ಎತ್ತಿರಲಿಲ್ಲ. 2018ರಲ್ಲಿ ರೋಕಾ ಹೋದಾಗ ಕ್ಲಬ್ಬು ಹೊರಗೆ ಹುಡುಕಲು ಹೋಗದೆ ಅವನಿಗೇ ಪಟ್ಟ ಕಟ್ಟಿತು. 2019ರ ಮಾರ್ಚ್ 17ರಂದು ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ಹೊಡೆದ ಗೋಲಿನಿಂದ ಬೆಂಗಳೂರಿಗೆ ಮೊದಲ ಐಎಸ್‌ಎಲ್ ಬಂತು. ಕ್ಲಬ್ಬು ಮಾಡಿದ ನೇಮಕಗಳಲ್ಲಿ ನನಗೆ ಅತಿ ಜಾಣತನದ್ದು ಅನಿಸುವುದು ಅದೇ.

ಆದರೆ ಆ ಜಾಣತನ ಒಂದೇ ಸಲಕ್ಕೆ ಮುಗಿಯಿತು. 2021ರ ಜನವರಿಯಲ್ಲಿ ಕ್ವಾಡ್ರಾಟ್ ಹೊರಟಾಗ ಸಹಾಯಕನ ಜಾಗದಲ್ಲಿದ್ದದ್ದು ನೌಷಾದ್ ಮೂಸಾ, ನಮ್ಮ ದೇಶದವರೇ. ಅವರಿಗೆ ಸಿಕ್ಕಿದ್ದು ಹಂಗಾಮಿ ಕೆಲಸ. ಮುಂದಿನ ತಿಂಗಳೇ ಜರ್ಮನಿಯ ಮಾರ್ಕೊ ಪೆಜ್ಜಾಯುಲಿ ಹೆಸರು ಪ್ರಕಟವಾಯಿತು. ಭಾವ ಈಗಲೂ ಸಂಜೊಯ್ ಸೇನ್ ವಿಷಯ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. 2013ರಿಂದ 2023ರ ಕೊನೆವರೆಗೆ ಕ್ಲಬ್ಬು ಪೂರ್ಣಾವಧಿಗೆ ನೇಮಿಸಿದ ಆರು ಕೋಚುಗಳಲ್ಲಿ ಮೂವರು ಸ್ಪೇನಿನವರು, ಇಬ್ಬರು ಇಂಗ್ಲೆಂಡಿನವರು, ಒಬ್ಬ ಜರ್ಮನಿಯವನು.