ಮಳೆಗೆ ಮೊದಲು ಗ್ಲಾಸ್ ಕೂರಿಸುತ್ತಿದ್ದ ಕಾಲ

ಮೇ ತಿಂಗಳು ಬಂತೆಂದರೆ ಮಂಗಳೂರಿನ ಹಂಪನಕಟ್ಟೆಯ ಹಿಂದಿನ ಓಣಿಯ ಆ ಶೆಡ್ಡಿನೆದುರು ಫಿಯೆಟ್ಟು, ಅಂಬಾಸಿಡರ್‌ಗಳ ಸಾಲು. ಎಂಜಿನ್ ಕೆಟ್ಟು ಬಂದವಲ್ಲ. ಎಲ್ಲದರದ್ದೂ ಒಂದೇ ದೂರು: ಹೋದ ಮಳೆಗಾಲದಲ್ಲಿ ಮುಂದಿನ ಗ್ಲಾಸಿನ ಸಂದಿನಿಂದ ನೀರು ಒಳಗಿಳಿದಿದೆ. ವರ್ಷಕ್ಕೆ 3500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿದು. ಮೊದಲು ಡ್ಯಾಶ್‌ಬೋರ್ಡಿನ ಅಡಿ ತೇವ, ಆಮೇಲೆ ಕಾಲಡಿಯ ಮ್ಯಾಟು ಕೊಳೆತ ವಾಸನೆ, ಕಡೆಗೆ ತಗಡಿಗೇ ತುಕ್ಕು.

ಶೆಡ್ಡು ನನ್ನ ಗೆಳೆಯನ ತಂದೆಯದು. ಓಣಿಗೆಲ್ಲ ಅವರು ಕಾಕ. ನಾವಿಬ್ಬರೂ ಓದುತ್ತಿದ್ದದ್ದು ಹತ್ತಿರದ ಸರಕಾರಿ ಕಾಲೇಜಿನಲ್ಲಿ. 1868ರಲ್ಲಿ ಹುಟ್ಟಿದ ಆ ಸಂಸ್ಥೆ ಈಗ ವಿಶ್ವವಿದ್ಯಾನಿಲಯ ಕಾಲೇಜು. ರಜೆ ಸಿಕ್ಕಿದ್ದೇ ತಡ, ಕಾಕನ ಕೈಗೆ ಇಬ್ಬರು ಆಳು ಸಿಕ್ಕಂತೆ. ಸಂಬಳದ ಮಾತಿಲ್ಲ; ತಾಜ್‌ಮಹಲ್ ಹೋಟೆಲಿನ ಬನ್ಸು, ಚಾ.

ಗ್ಲಾಸಿನ ಸುತ್ತ ಗಟ್ಟಿಯಾಗಿ ಬಿರುಕು ಬಿಟ್ಟ ಹಳೇ ರಬ್ಬರನ್ನು ಬ್ಲೇಡಿನಿಂದ ಕೊಯ್ದು ತೆಗೆಯುವುದು ಸುಲಭ. ಅದರ ಮೇಲಿನ ಹೊಳೆಯುವ ಬೀಡಿಂಗಿನದ್ದೇ ತಾಪತ್ರಯ. ತೆಳ್ಳಗಿನ ಪಟ್ಟಿ, ಒಮ್ಮೆ ಮಡಚಿತೆಂದರೆ ಗೆರೆ ಹೋಗುವುದಿಲ್ಲ. ಕಾಕ ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಚೌಕಟ್ಟಿನ ತುಕ್ಕು ಕೆರೆದು ರೆಡ್ ಆಕ್ಸೈಡ್ ಹಚ್ಚುವ ಕೆಲಸ ನಮ್ಮದು. ಹೊಸ ರಬ್ಬರನ್ನು ಬಿಸಿಲಿಗೆ ಹಾಕಿ ಮೆತ್ತಗಾಗಿಸಿ ಗ್ಲಾಸಿನ ಸುತ್ತ ತೊಡಿಸಬೇಕು. ಅಳತೆಗಿಂತ ಕೊಂಚ ಉದ್ದವೇ ಕತ್ತರಿಸುತ್ತಿದ್ದರು, ಕುಗ್ಗಿದಾಗ ಜೋಡಣೆ ಬಾಯಿ ಬಿಡದಿರಲೆಂದು.

ನಿಜವಾದ ಕೆಲಸ ಆಮೇಲೆ. ರಬ್ಬರಿನಲ್ಲಿ ತಗಡು ಕೂರುವ ಸಂದಿನಲ್ಲಿ ಸುತ್ತಲೂ ನೈಲಾನ್ ದಾರ ಕೂರಿಸಿ, ಎರಡೂ ತುದಿಯನ್ನು ಕೆಳಗೆ ನಡುಮಧ್ಯದಲ್ಲಿ ಒಂದರ ಮೇಲೊಂದು ಹಾಯಿಸಿ ಒಳಕ್ಕೆ ಇಳಿಬಿಡುವುದು. ಸಾಬೂನು ನೀರು ಹಚ್ಚಿ, ಗ್ಲಾಸನ್ನು ಹೊರಗಿಂದ ಚೌಕಟ್ಟಿಗೆ ಒತ್ತಿ ಹಿಡಿಯುವುದು. ಒಳಗೆ ಕೂತವನು ದಾರ ಎಳೆದಂತೆ ರಬ್ಬರಿನ ತುಟಿ ತಗಡಿನ ಅಂಚು ದಾಟಿ ಒಳಗೆ ಬಂದು ಕೂರುತ್ತದೆ. ಅವನು ಎಳೆದ ಜಾಗದಲ್ಲೇ ಹೊರಗಿನವನ ಅಂಗೈ ಇರಬೇಕು. ಒಂದು ಗೇಣು ಹಿಂದೆ ಮುಂದೆ ಆದರೆ ತುಟಿ ಮಡಚಿಕೊಳ್ಳುತ್ತದೆ. ಪಕ್ಕದ ಟಿಂಕರಿಂಗಿನವರ ಸುತ್ತಿಗೆ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ನಾವು ಗ್ಲಾಸಿನ ಮೇಲೆ ಬೆರಳು ತಟ್ಟಿ ಹೇಳಿಕೊಳ್ಳುತ್ತಿದ್ದೆವು: ಒಂದು ತಟ್ಟಿದರೆ ಎಳಿ, ಎರಡಾದರೆ ನಿಲ್ಲಿಸು. ಮೇಲಿನ ಮೂಲೆಗಳಲ್ಲಿ ಮಾತ್ರ ಇಬ್ಬರಿಗೂ ಬೆವರು.

“ಮೆಲ್ಲ ಮಾರಾಯ, ಅಂಚಿಗೆ ತಾಗಿದ್ರೆ ಇಡೀ ಗ್ಲಾಸು ಪುಡಿ!” ಎಂದು ಕಾಕ ಆ ಸದ್ದಿನ ಮೇಲೆ ಕೂಗುತ್ತಿದ್ದರು. ಸುಳ್ಳಲ್ಲ. ಟಫನ್ಡ್ ಗ್ಲಾಸಿನ ಬಲವೆಲ್ಲ ಮುಖದಲ್ಲಿ. ಅಂಚಿಗೆ ಪೆಟ್ಟು ಬಿದ್ದರೆ ಕಲ್ಲುಸಕ್ಕರೆಯಂತೆ ಉದುರುತ್ತದೆ.

ಬಾವಿಯಿಂದ ಸೇದಿದ ಕೊಡಪಾನದ ನೀರೇ ಪರೀಕ್ಷೆ. ಒಬ್ಬ ಮೇಲಿಂದ ಹೊಯ್ಯುವುದು, ಇನ್ನೊಬ್ಬ ಸೀಟಿನಡಿ ತಲೆ ತೂರಿಸಿ ನೋಡುವುದು. ಯಾರು ಸೀಟಿನಡಿ ಹೋಗಬೇಕೆಂಬ ಜಗಳಕ್ಕೆ ನಾಣ್ಯ ಚಿಮ್ಮಿದ್ದೂ ಉಂಟು. ಅಲ್ಲಿ ಹೋದವನ ಬೆನ್ನಿಗೆ ನೀರು ಗ್ಯಾರಂಟಿ. ಗ್ಲಾಸು ಸೋರಿದ್ದರಿಂದಲ್ಲ, ಮೇಲಿದ್ದವನು ಬೇಕೆಂದೇ ಕಿಟಕಿಯೊಳಗೆ ಹೊಯ್ದದ್ದರಿಂದ.

ಸಿಲಿಕೋನ್ ಮೆತ್ತಿ ಸೋರಿಕೆ ಮುಚ್ಚುವುದು ಕಾಕನಿಗೆ ಆಗದ ಮಾತು. ಈಗ ನನ್ನ ಅಭಿಪ್ರಾಯವೂ ಅದೇ: ಅದು ನೀರನ್ನು ತಡೆಯುವುದಿಲ್ಲ, ಒಳಗೇ ಹಿಡಿದಿಟ್ಟು ತುಕ್ಕನ್ನು ಸಾಕುತ್ತದೆ.

ಶೆಡ್ಡು ಇದ್ದಲ್ಲಿ ಈಗ ಕಾಂಪ್ಲೆಕ್ಸ್. ಕಾಕ ತೀರಿಕೊಂಡು ವರ್ಷಗಳಾದವು. ಗೆಳೆಯ ಸೌದಿಯಲ್ಲಿದ್ದಾನೆ, ಅಲ್ಲಿಯ ಗಾಡಿಗಳ ಗ್ಲಾಸನ್ನು ಗಮ್ ಹಚ್ಚಿ ಅಂಟಿಸುತ್ತಾರೆ, ದಾರದ ಗೊಡವೆಯಿಲ್ಲ. ಫಿಯೆಟ್ಟಿನ ತಯಾರಿ ಮೊದಲೇ ನಿಂತಿತ್ತು, ಅಂಬಾಸಿಡರಿನದ್ದು 2014ರಲ್ಲಿ.

ನಿಮ್ಮ ಅಂಗಳದಲ್ಲಿ ಅಂಥದ್ದೊಂದು ಗಾಡಿ ಇನ್ನೂ ನಿಂತಿದ್ದರೆ, ರಬ್ಬರು ಬಿರುಕು ಬಿಟ್ಟಿದೆಯೇ ಎಂದು ಮೇ ಮುಗಿಯುವ ಮೊದಲು ನೋಡಿಬಿಡಿ. ಬದಲಾಯಿಸುವಾಗ ಒಬ್ಬರೇ ಕೈ ಹಾಕಬೇಡಿ, ಇನ್ನೊಬ್ಬರನ್ನು ಕರೆಯಿರಿ.