ಹುರಿದ ಕೋಳಿಯ ಹುಡುಕಾಟ

ಕಡಯಂಪಟ್ಟಿಯಿಂದ ಓಮಲೂರು ದಾಟಿ ಸೇಲಂ ಸೇರುವಷ್ಟರಲ್ಲಿ ಕರಿದ ಕೋಳಿಯ ಅಂಗಡಿಗಳು ಎಷ್ಟೋ ಸಿಗುತ್ತವೆ. ಗಾಜಿನ ಪೆಟ್ಟಿಗೆ, ಕೆಂಪು ಹಲಗೆ, ಅಮೆರಿಕವನ್ನು ನೆನಪಿಸುವ ಹೆಸರು. ನಮ್ಮ ಮಕ್ಕಳಿಗೆ ‘ಫ್ರೈಡ್ ಚಿಕನ್’ ಎಂದರೆ ಅದೇ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ; ಬಿಸಿಯಾಗಿದ್ದರೆ ನಾನೂ ತಿನ್ನುತ್ತೇನೆ. ಆದರೆ ಆ ತಿನಿಸನ್ನು ಲೋಕಕ್ಕೆ ಕೊಟ್ಟ ಜನರ ಚರಿತ್ರೆಯನ್ನು ಓದಿದ ಮೇಲೆ, ನಮ್ಮ ಸೀಮೆಯ ಹುರಿದ ಕೋಳಿ ಎಲ್ಲಿದೆ ಎಂದು ಹುಡುಕುವ ಹಂಬಲ ಹುಟ್ಟಿತು.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರಾಗಿದ್ದ ಕಪ್ಪು ಜನರ ಪಾಲಿಗೆ ಒಡೆಯರಿಂದ ಬರುತ್ತಿದ್ದುದು ಮೆಕ್ಕೆಜೋಳದ ಹಿಟ್ಟು, ಹಂದಿಮಾಂಸದ ಕಡೆಯ ತುಂಡುಗಳು. ಸೊಪ್ಪನ್ನು ಗುಡಿಸಲ ಹಿಂದೆ ತಾವೇ ಬೆಳೆದುಕೊಳ್ಳುತ್ತಿದ್ದರು. ಹಲವರಿಗೆ ಸಾಕಲು ಸಾಧ್ಯವಿದ್ದುದು ಕೋಳಿ. 1865ರಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲೆ ವರ್ಜೀನಿಯಾದ ಗಾರ್ಡನ್ಸ್‌ವಿಲ್ ಎಂಬ ಊರಿನ ಹೆಂಗಸರು ರೈಲು ನಿಂತೊಡನೆ ತಟ್ಟೆಗಳನ್ನು ಎತ್ತಿ ಹಿಡಿದು, ಕಿಟಕಿಗಳ ಮೂಲಕವೇ ಪ್ರಯಾಣಿಕರಿಗೆ ಕರಿದ ಕೋಳಿ ಮಾರುತ್ತಿದ್ದರು. ಆ ಕಾಸಿನಿಂದ ಮನೆ ಕಟ್ಟಿಕೊಂಡವರೂ ಉಂಟು. ಮುಂದೆ ಲಕ್ಷಾಂತರ ಮಂದಿ ಕೆಲಸ ಅರಸಿ ಉತ್ತರದ ನಗರಗಳಿಗೆ ಹೋದಾಗ ಅಡುಗೆಯೂ ಜೊತೆಗೆ ಹೋಯಿತು. 1960ರ ದಶಕದಲ್ಲಿ ಅದಕ್ಕೆ ‘ಸೋಲ್ ಫುಡ್’ ಎಂಬ ಹೆಸರು ನಿಂತಿತು. ಪ್ರಾಣದ ಊಟ ಎನ್ನೋಣ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಸಿಲ್ವಿಯಾ ವುಡ್ಸ್ ಎಂಬಾಕೆ 1962ರಲ್ಲಿ ತೆರೆದ ಹೋಟೆಲು ಆ ಊಟಕ್ಕೆ ಹೆಸರಾಯಿತು.

ಆ ಎಲೆಯಲ್ಲಿರುವ ಬೆಂಡೆ, ಅಲಸಂದೆ ಎರಡೂ ಆಫ್ರಿಕದ ಮೂಲದವು. ನಮ್ಮ ರಾಗಿಯೂ ಅಲ್ಲಿಂದಲೇ, ಪೂರ್ವ ಆಫ್ರಿಕದ ಎತ್ತರದ ನೆಲದಿಂದ, ಸಾವಿರಾರು ವರ್ಷಗಳ ಹಿಂದೆ ಬಂದದ್ದು. ಧರ್ಮಪುರಿಯ ಬೆದ್ದಲು ಹೊಲದ ರಾಗಿಗೂ ಹಾರ್ಲೆಮ್‌ನ ಅಲಸಂದೆಗೂ ಒಂದು ದೂರದ ನೆಂಟಸ್ತಿಕೆ ಇದೆಯೆಂಬುದು ನನಗಂತೂ ಸಂತೋಷದ ಸಂಗತಿ.

ಸೇಲಂನಲ್ಲಿ ನನ್ನ ಹುಡುಕಾಟ ಹೊಸ ಬಸ್ ನಿಲ್ದಾಣದ ಸುತ್ತ ಮೊದಲಾಯಿತು. ಅಲ್ಲಿ ಎಲ್ಲೆಲ್ಲೂ ‘ಚಿಕನ್ 65’. ಮದರಾಸಿನ ಮೌಂಟ್ ರೋಡಿನ ಬುಹಾರಿ ಹೋಟೆಲು 1965ರಲ್ಲಿ ತಾನೇ ಅದನ್ನು ಮೊದಲು ಮಾಡಿದ್ದೆಂದು ಹೇಳಿಕೊಳ್ಳುತ್ತದೆ. ಒಳ್ಳೆಯ ತಿನಿಸೇ. ಆದರೆ ಬಣ್ಣ ಮತ್ತು ಹಿಟ್ಟಿನ ಅಡಿಯಲ್ಲಿ ಕೋಳಿ ಅಡಗಿಬಿಡುತ್ತದೆ. ನಾಲ್ಕು ಕಡೆ ತಿಂದು ನಿಲ್ಲಿಸಿದೆ.

ನಮ್ಮ ಕಡೆಯ ನಿಜವಾದ ಹುರಿದ ಕೋಳಿ ಕಾವೇರಿಯ ದಂಡೆಯ ಪಳ್ಳಿಪಾಳಯದ್ದು. ಈರೋಡಿಗೆ ಎದುರಾಗಿರುವ, ಮಗ್ಗಗಳ ಸದ್ದಿನ ಊರು ಅದು. 1997ರಲ್ಲಿ ನಾಮಕ್ಕಲ್ ಜಿಲ್ಲೆ ಬೇರೆಯಾಗುವವರೆಗೆ ನಮ್ಮ ಸೇಲಂ ಜಿಲ್ಲೆಯದೇ. ಅಲ್ಲಿನ ಕೋಳಿಗೆ ಹಿಟ್ಟಿಲ್ಲ, ಬಣ್ಣವಿಲ್ಲ, ಗರಂ ಮಸಾಲೆಯೂ ಇಲ್ಲ. ಎಳ್ಳೆಣ್ಣೆ, ಬೀಜ ಉದುರಿಸಿದ ಒಣಮೆಣಸಿನಕಾಯಿ, ಸಣ್ಣ ಈರುಳ್ಳಿ, ಕರಿಬೇವು, ಅರಿಶಿನ, ಉಪ್ಪು, ತೆಂಗಿನಕಾಯಿಯ ತೆಳು ಚೂರುಗಳು. ಕೋಳಿಯನ್ನು ಬಹಳ ಚಿಕ್ಕದಾಗಿ ಕೊಚ್ಚಿ, ಮುಚ್ಚಳ ಮುಚ್ಚಿ ಅದರದೇ ನೀರಿನಲ್ಲಿ ಬೇಯಿಸಿ, ಬಳಿಕ ನೀರಾರುವವರೆಗೆ ಹುರಿಯುತ್ತಾರೆ. ಕೆಲವೇ ಪದಾರ್ಥ, ಒಂದೇ ಬಾಣಲೆ. ಒಂದು ಕೋಳಿ ಹತ್ತು ಜನರಿಗೆ ಸಾಲುವಂತೆ ಕೊಚ್ಚುವುದು ಬಡತನದ ಜಾಣತನವೆಂದೇ ನನ್ನ ಎಣಿಕೆ.

ಇಂಥ ಕೋಳಿ ಶೆವ್ವಾಪೇಟೆಯಲ್ಲಿ ಸಿಕ್ಕಿತು. ಧಾನ್ಯದ ಮೂಟೆಗಳ ಲೀ ಬಜಾರಿನಿಂದ ಒಳಗೆ ಹೋಗುವ ಓಣಿಯಲ್ಲಿ ನಾಲ್ಕು ಬೆಂಚುಗಳ ಒಂದು ಮನೆ ಮೆಸ್. ಹಲಗೆಯ ಮೇಲೆ ತಮಿಳಿನಲ್ಲಿ ‘ಕಳಿ, ನಾಟ್ಟುಕ್ಕೋಳಿ ವರುವಲ್’ ಎಂದು ಸುಣ್ಣದ ಕಡ್ಡಿಯ ಬರಹ. ನಾನೂ ಮಗಳೂ ನಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದುದು ಒಲೆಯ ಬಳಿಯಿದ್ದ ಮುದುಕಿಗೆ ಕೇಳಿಸಿತು.

“ಯಾವೂರು ಕಣ್ಣು ನಿಮ್ದು?” ಎಂದರು, ಕನ್ನಡದಲ್ಲೇ.

“ಕಡಯಂಪಟ್ಟಿ, ಅಜ್ಜಿ,” ಎಂದಳು ಮಗಳು.

“ಹಂಗಾದ್ರೆ ಮುದ್ದೆ ಅನ್ನು. ಕಳಿ ಅಂತ ಯಾಕ್ ಕೇಳ್ತೀಯ?”

ಮುದ್ದೆ ಬಂತು, ಅಂಗೈಯಗಲದ, ಹೊಳೆಯುವ, ಬೆರಳಿಗಂಟದ ಮುದ್ದೆ. ಪಕ್ಕದಲ್ಲಿ ಕೋಳಿ. ನಾಟಿಕೋಳಿಯ ಮಾಂಸ ಹಲ್ಲಿಗೆ ಸ್ವಲ್ಪ ಕೆಲಸ ಕೊಡುತ್ತದೆ. ಫಾರಂ ಕೋಳಿ ಆರೇಳು ವಾರಗಳಲ್ಲಿ ಮಾರಾಟಕ್ಕೆ ಬಂದರೆ ಇದು ತಿಂಗಳುಗಟ್ಟಲೆ ಕೆದಕಿ ತಿಂದು ಬೆಳೆದದ್ದು. ಮೆಣಸಿನಕಾಯಿಯ ಖಾರಕ್ಕಿಂತ ಮೊದಲು ಎಳ್ಳೆಣ್ಣೆಯಲ್ಲಿ ಕೆಂಪಗಾದ ಈರುಳ್ಳಿಯ ಸಿಹಿ ತಾಗಿತು. ಮಗಳು ಮಾತು ನಿಲ್ಲಿಸಿ ತಿಂದಳು.

ಕೈತೊಳೆಯುವಾಗ ಅಜ್ಜಿ ಇನ್ನಷ್ಟು ಹೇಳಿದರು. ಹುರಿಯುವುದನ್ನು ಅತ್ತೆಯಿಂದ ಕಲಿತದ್ದಂತೆ. ಮೊಮ್ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ. ಒಲೆಯ ಮುಂದೆ ಸೊಸೆಗೆ ಹೇಳುವ ನಾಲ್ಕಾರು ಮಾತು, ಉರಿ ತಗ್ಗಿಸು, ಅಡಿ ಹಿಡೀತಿದೆ ನೋಡು, ಇಂಥವು ಮಾತ್ರ ಆ ಮನೆಯಲ್ಲಿ ಉಳಿದ ಕನ್ನಡ. ಹಾರ್ಲೆಮ್‌ನ ಹೋಟೆಲಿಗೆ ತನ್ನ ಜನರ ಊಟವನ್ನು ತನ್ನ ಜನರ ಹೆಸರಿನಲ್ಲೇ ಮಾರುವ ಧೈರ್ಯವಿತ್ತು. ಈ ಅಜ್ಜಿಯ ಹಲಗೆಗೆ ಅದನ್ನು ಕೇಳಲಾಗದು. ಗಿರಾಕಿಗಳು ತಮಿಳರು, ಹೊಟ್ಟೆಪಾಡು ಅವರಿಂದಲೇ. ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಸಂಧಿಯಿದೆ, ಸಮಾಸವಿದೆ. ಅಡಿ ಹಿಡಿಯುವ ಬಾಣಲೆ ಅಲ್ಲಿಲ್ಲ. ಪದ್ಯ ಒಪ್ಪಿಸಬಲ್ಲ ಮಗುವಿಗೆ ಸೌಟು ಯಾವುದು, ಹುಟ್ಟು ಯಾವುದು ಎಂದು ಹೇಳಿಕೊಡುವವರು ಮನೆಯವರೇ ಆಗಬೇಕು.

ಮರುದಿನ ಮಗಳು ಅಜ್ಜಿ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಲು ಕುಳಿತಳು. ಮೂರನೆಯ ಸಾಲಿಗೇ ‘ಚಿನ್ನ ವೆಂಗಾಯಂ’ ಎಂದು ಬರೆದು, ಹೊಡೆದು ಹಾಕಿ, ನನ್ನ ಅಮ್ಮನನ್ನು ಕೇಳಿದಳು. “ಸಣ್ಣ ಈರುಳ್ಳಿ ಅಂತ ಬರಿ, ಕಾಲು ಕಿಲೋ ಅಂತಾನೂ ಬರಿ, ಕಮ್ಮಿ ಹಾಕಿದ್ರೆ ಚೆನ್ನಾಗಿರಲ್ಲ,” ಎಂದರು ಅಮ್ಮ. ಆ ಭಾನುವಾರವೇ ನಮ್ಮ ಮನೆಯಲ್ಲಿ ಮಾಡಿದೆವು. ಉಪ್ಪು ತುಸು ಮುಂದಾಗಿತ್ತು.